ಒಗ್ಗರಣೆ ಡಬ್ಬಿಯ ಜೀರಿಗೆಯಲ್ಲಿ ದೇಶದೇಶದ ಅಡುಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೊಂದು ಭಾನುವಾರ ಬನಶಂಕರಿಯ ನಮ್ಮ ಮನೆಯಲ್ಲಿ ಏಳೆಂಟು ಜನ ಸೇರಿ ಹೊರದೇಶದ ಒಂದು ಅಡುಗೆ ಮಾಡಿ ನೋಡುತ್ತೇವೆ. ಮೊದಲು ಆ ಸಾಸ್, ಈ ಚೀಸ್ ಅಂತ ದುಬಾರಿ ಅಂಗಡಿಗಳಿಗೆ ಸುಮ್ನೆ ದುಡ್ಡು ಸುರಿದೆವು. ಆಮೇಲೆ ಗೊತ್ತಾಯಿತು, ಸಾಸಿವೆ ಪಕ್ಕದ ಬಟ್ಟಲಲ್ಲಿ ಕೂತಿರುವ ಜೀರಿಗೆ ಸಾಕು, ಅರ್ಧ ಪ್ರಪಂಚ ಸುತ್ತಿ ಬರಬಹುದು ಎಂದು. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು. ಅದಕ್ಕೇ ಬರೆದಿಟ್ಟಿದ್ದೇನೆ.

ಮೆಕ್ಸಿಕನ್ ಅಡುಗೆಗೆ, ಅರಬ್ ಅಡುಗೆಗೆ ಬೇರೆ ಬೇರೆ ಜೀರಿಗೆ ಬೇಕಾ?

ಬೇಡ. ಎಲ್ಲದಕ್ಕೂ ಅದೇ ಜೀರಿಗೆ. ನಮ್ಮಲ್ಲಿ ಸಿಗುವುದು ಬಹುಪಾಲು ಗುಜರಾತ್, ರಾಜಸ್ಥಾನದ ಬೆಳೆ. ಜಗತ್ತಿನಲ್ಲಿ ಜಾಸ್ತಿ ಜೀರಿಗೆ ಬೆಳೆಯುವುದೂ ತಿನ್ನುವುದೂ ಭಾರತವೇ. ಹಾಗಾಗಿ ಹೊರದೇಶದ ಹೆಸರು ಬರೆದ ಸಣ್ಣ ಗಾಜಿನ ಸೀಸೆಗೆ ನಾಲ್ಕು ಪಟ್ಟು ದುಡ್ಡು ಕೊಡುವುದು ದಂಡ. ಒಳಗಿರುವುದು ಗುಜರಾತಿನದ್ದೇ ಆಗಿರಬಹುದು.

ಬದಲಾಗುವುದು ಜೀರಿಗೆಯಲ್ಲ, ಅದನ್ನು ಹಾಕುವ ಹೊತ್ತು. ನಾವು ಮೊದಲೇ ಕಾದ ಎಣ್ಣೆಗೆ ಹಾಕುತ್ತೇವೆ, ಇಲ್ಲವೇ ಕೊನೆಗೆ ಒಗ್ಗರಣೆ ಕೊಡುತ್ತೇವೆ. ಮೊರಾಕೊದವರು ಪುಡಿ ಮಾಡಿ ಊಟದ ಮೇಜಿನ ಮೇಲೆ ಉಪ್ಪಿನ ಜೊತೆ ಇಡುತ್ತಾರೆ. ಚೀನಾದ ಶಿಂಜಿಯಾಂಗ್‌ನವರು ಕೆಂಡದ ಮೇಲಿರುವ ಮಾಂಸಕ್ಕೆ ಉದುರಿಸುತ್ತಾರೆ. ಟೆಕ್ಸಾಸ್‌ನವರು ಗಂಟೆಗಟ್ಟಲೆ ಕುದಿಸುತ್ತಾರೆ. ಕಾಳು ಒಂದೇ, ರುಚಿ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನುವಷ್ಟು ಬೇರೆ.

ಶಾಹಿ ಜೀರಾ, ಕರಿಜೀರಿಗೆ, ಸೋಂಪು... ಇವೆಲ್ಲ ಜೀರಿಗೆಯ ಬಗೆಗಳೇ ಅಲ್ವಾ?

ಅಲ್ಲ. ಜೀರಿಗೆ, ಸೋಂಪು, ಓಮ, ಕೊತ್ತಂಬರಿ, ಸಬ್ಬಸಿಗೆ, ಕ್ಯಾರೆಟ್ ಎಲ್ಲ ಒಂದೇ ಕುಟುಂಬದ ಗಿಡಗಳು. ದಾಯಾದಿಗಳು ಅನ್ನಿ. ಮುಖ ಹೋಲುತ್ತದೆ, ಗುಣ ಹೋಲುವುದಿಲ್ಲ. ಶಾಹಿ ಜೀರಾ ಕೂಡ ಅದೇ ಬಳಗದ್ದು. ತೆಳ್ಳಗೆ, ಕಪ್ಪಗೆ, ಸ್ವಲ್ಪ ಬಾಗಿರುತ್ತದೆ. ಬಿರಿಯಾನಿಗೆ ಚೆನ್ನ, ಜೀರಿಗೆಯ ಜಾಗಕ್ಕೆ ಸಲ್ಲದು.

ಕರಿಜೀರಿಗೆ ವಿಷಯದಲ್ಲಿ ಹುಷಾರು. ಕೆಲವರು ಕಲೋಂಜಿ ಎಂಬ ಕಪ್ಪು ಬೀಜಕ್ಕೆ ಆ ಹೆಸರು ಹೇಳುತ್ತಾರೆ. ಗ್ರಂಥಿಗೆ ಅಂಗಡಿಗೆ ಹೋಗಿ ಕರಿಜೀರಿಗೆ ಅಂದರೆ ಕಹಿಯಾದ ಇನ್ನೊಂದು ಔಷಧಿ ಬೀಜವನ್ನೂ ಕಟ್ಟಿಕೊಡಬಹುದು. ಬ್ರೆಡ್ಡಿನ ಮೇಲೆ ಹಾಕುವುದು ಬೇಕಿದ್ದರೆ ಕಲೋಂಜಿ ಅಂತಲೇ ಕೇಳಿ. ಮಲೆನಾಡಿನ ಜೀರಿಗೆ ಮೆಣಸಂತೂ ಜೀರಿಗೆಯ ನೆಂಟನೂ ಅಲ್ಲ, ಬಾಯಿ ಸುಡುವ ಪುಟ್ಟ ಮೆಣಸಿನಕಾಯಿ.

ಯುರೋಪಿನ ರೆಸಿಪಿ ನೋಡಿ ಜೀರಿಗೆ ಹಾಕಿದೆ, ರುಚಿ ಎಡವಟ್ಟಾಯಿತು. ಯಾಕೆ?

ಅದು ಜೀರಿಗೆಯ ರೆಸಿಪಿಯೇ ಆಗಿರಲಿಲ್ಲ, ಅಷ್ಟೇ. ಜರ್ಮನ್ ಭಾಷೆಯಲ್ಲಿ ಕ್ಯುಮೆಲ್ ಅಂದರೆ ಕ್ಯಾರವೇ ಬೀಜ, ಜೀರಿಗೆಯಂತೆಯೇ ಕಾಣುವ ಬೇರೊಂದು ಮಸಾಲೆ. ನಮ್ಮ ಜೀರಿಗೆಗೆ ಅವರು ಕ್ರಾಯ್ಟ್ಸ್‌ಕ್ಯುಮೆಲ್ ಎನ್ನುತ್ತಾರೆ. ಸ್ವೀಡಿಷ್‌ನಲ್ಲೂ ಕುಮ್ಮಿನ್ ಅಂದರೆ ಕ್ಯಾರವೇ, ಸ್ಪಿಸ್‌ಕುಮ್ಮಿನ್ ಅಂದರೆ ಜೀರಿಗೆ. ಅನುವಾದ ಮಾಡಿಕೊಡುವ ಆ್ಯಪ್‌ಗಳು ಎಡವುವುದು ಇಲ್ಲೇ.

ನಾನೂ ಬಿದ್ದಿದ್ದೇನೆ. ಜರ್ಮನಿಯಲ್ಲಿರುವ ಸಂಬಂಧಿಕರೊಬ್ಬರು ಪ್ರೀತಿಯಿಂದ ಒಂದು ಪೊಟ್ಟಣ ತಂದುಕೊಟ್ಟರು. ನೋಡಲು ಥೇಟ್ ಜೀರಿಗೆ, ಬಣ್ಣ ಮಾತ್ರ ಸ್ವಲ್ಪ ಗಾಢ. ಅದನ್ನೇ ಹಾಕಿ ಮೆಣಸು ಜೀರಿಗೆ ಸಾರು ಮಾಡಿದೆ. ಒಂದು ತುತ್ತು ಬಾಯಿಗಿಟ್ಟ ನಮ್ಮತ್ತೆ, 'ಇದೇನೇ, ಸಾರಿಗೆ ಬ್ರೆಡ್ ನೆನೆಸಿದೀಯಾ?' ಅಂದರು. ಸರಿಯಾಗೇ ಹೇಳಿದ್ದರು. ಅಲ್ಲಿನ ರೈ ಬ್ರೆಡ್ಡಿಗೆ ಹಾಕುವುದು ಅದನ್ನೇ.

ಹುರಿಯುವುದು ಹೇಗೆ? ನನ್ನದು ಒಂದೋ ಹಸಿ, ಇಲ್ಲ ಕಹಿ.

ಅತಿ ಮುಖ್ಯ ಪ್ರಶ್ನೆ ಇದು. ಇದೊಂದು ಸರಿಯಾದರೆ ಉಳಿದದ್ದು ತಾನಾಗಿ ಬರುತ್ತದೆ.

ದಪ್ಪ ತಳದ ಬಾಣಲೆ ತಗೊಳ್ಳಿ. ಎಣ್ಣೆ ಬೇಡ. ಸಣ್ಣ ಉರಿಯಲ್ಲಿ ಬಿಸಿಯಾದ ಮೇಲೆ ಜೀರಿಗೆ ಹಾಕಿ ಕೈ ಬಿಡದೆ ಆಡಿಸಿ. ಮೊದಲ ಒಂದು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಒಣಹುಲ್ಲಿನಂಥ ವಾಸನೆ ಬರುತ್ತದೆ. ಬಹಳ ಜನ ಇಲ್ಲೇ ಇಳಿಸಿಬಿಡುತ್ತಾರೆ. ಇಳಿಸಬೇಡಿ, ಇನ್ನೂ ಹಸಿ ಇದೆ. ಎರಡು ಎರಡೂವರೆ ನಿಮಿಷಕ್ಕೆ ವಾಸನೆ ತಿರುಗುತ್ತದೆ. ಹುರಿದ ಕಡಲೆಕಾಯಿಯ ನೆನಪು ತರುವ, ತುಸು ಹೊಗೆ ಬೆರೆತ ಘಮ. ಕಾಳಿನ ಮೇಲಿನ ಗೀರುಗಳು ಗಾಢವಾಗುತ್ತವೆ. ಎರಡು ಕಾಳು ಬೆರಳಲ್ಲಿ ತಿಕ್ಕಿದರೆ ಪುಡಿಯಾಗಬೇಕು. ತಕ್ಷಣ ತಟ್ಟೆಗೆ ಸುರಿಯಿರಿ. ಉರಿ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಕಪ್ಪಾಗುತ್ತದೆ. ಕಹಿ ಬರುವುದು ಬಹುತೇಕ ಈ ಕೊನೆಯ ಅರ್ಧ ನಿಮಿಷದ ಸೋಮಾರಿತನದಿಂದ.

ಎಣ್ಣೆಯಲ್ಲಿ ಹಾಕುವಾಗ ಲೆಕ್ಕವೇ ಬೇರೆ, ಹತ್ತು ಹದಿನೈದು ಸೆಕೆಂಡ್ ಸಾಕು. ಜೀರಿಗೆ ಸಾಸಿವೆಯಂತೆ ಚಟಪಟ ಸಿಡಿಯುವುದಿಲ್ಲ. ಒಂದು ಕಾಳು ಹಾಕಿ ನೋಡಿ, ಸುತ್ತ ಸಣ್ಣ ಗುಳ್ಳೆ ಎದ್ದು ಚುರ್ ಅಂದರೆ ಎಣ್ಣೆ ಹದವಾಗಿದೆ. ಸಾಸಿವೆ, ಜೀರಿಗೆ ಎರಡನ್ನೂ ಒಟ್ಟಿಗೆ ಸುರಿಯುವವರಿದ್ದಾರೆ. ಸಾಸಿವೆ ಸಿಡಿಯುವಷ್ಟರಲ್ಲಿ ಜೀರಿಗೆ ಕರಿ. ಸಾಸಿವೆ ಸಿಡಿದು ಮುಗಿಯಲಿ, ಆಮೇಲೆ ಜೀರಿಗೆ.

ಜೀರಿಗೆಯ ವಾಸನೆಗೆ ಮುಖ್ಯ ಕಾರಣ ಕ್ಯುಮಿನಾಲ್ಡಿಹೈಡ್ ಎಂಬ ಅಂಶ. ಅದು ನೀರಿಗಿಂತ ಎಣ್ಣೆ, ತುಪ್ಪದಲ್ಲಿ ಚೆನ್ನಾಗಿ ಬಿಡುತ್ತದೆ. ಒಣ ಹುರಿದಾಗ ಕಡಲೆಕಾಯಿ, ಕಾಫಿಬೀಜ ಹುರಿದಾಗ ಬರುವಂಥ ಹೊಸ ಘಮಗಳು ಹುಟ್ಟುತ್ತವೆ. ಹಾಗಾಗಿ ಎಣ್ಣೆಯ ಜೀರಿಗೆ, ಹುರಿದ ಜೀರಿಗೆ ಎರಡು ಬೇರೆ ಪದಾರ್ಥ ಅಂತಲೇ ತಿಳಿಯಿರಿ. ತಂಬುಳಿ ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತುಪ್ಪದಲ್ಲಿ ಜೀರಿಗೆ, ಮೆಣಸು ಹುರಿದು ಕಾಯಿ ಜೊತೆ ರುಬ್ಬುವ ಮನೆಗಳಲ್ಲಿ ಇದು ಕೈಗೇ ಗೊತ್ತಿರುತ್ತದೆ.

ರೆಸಿಪಿಯಲ್ಲಿ ಪುಡಿ ಅಂತಿದೆ. ಅಂಗಡಿಯ ಪುಡಿ ನಡೆಯುತ್ತಾ?

ನಡೆಯುತ್ತದೆ, ಕುಂಟುತ್ತಾ. ಪುಡಿ ಮಾಡಿದ ದಿನದಿಂದಲೇ ಘಮ ಹಾರಲು ಶುರು. ಹುರಿದು ಆರಿಸಿ ಸಣ್ಣ ಕಲ್ಲಿನಲ್ಲಿ ಕುಟ್ಟಿಕೊಳ್ಳಿ. ಒಂದು ಟೀ ಚಮಚ ಕಾಳು ಸುಮಾರು 2 ಗ್ರಾಂ ತೂಗುತ್ತದೆ, ಕುಟ್ಟಿದರೆ ಒಂದು ಚಮಚಕ್ಕೆ ಸ್ವಲ್ಪ ಕಮ್ಮಿ ಪುಡಿ ಬರುತ್ತದೆ. ಮಿಕ್ಸಿಗೆ ಎರಡು ಚಮಚ ಹಾಕಿದರೆ ಬ್ಲೇಡಿಗೆ ಸಿಗದೆ ಬರೀ ಗೋಡೆಗೆ ಹಾರುತ್ತದೆ. ಕಲ್ಲೇ ವಾಸಿ.

ಪುಡಿಯಲ್ಲಿ ಏನು ಬೆರೆತಿದೆ ಅಂತ ಕಣ್ಣಿಗೆ ಕಾಣದು, ಅದು ಇನ್ನೊಂದು ತೊಂದರೆ. 2014ರ ಕೊನೆಯಲ್ಲಿ ಅಮೆರಿಕದಲ್ಲಿ ಜೀರಿಗೆ ಪುಡಿಯೊಳಗೆ ಚೀಟಿಯಲ್ಲಿ ಹೇಳದ ಕಡಲೆಕಾಯಿ ಅಂಶ ಸಿಕ್ಕಿತು. ಕಡಲೆಕಾಯಿ ಅಲರ್ಜಿ ಇರುವವರಿಗೆ ಅದು ಜೀವಕ್ಕೇ ಅಪಾಯ. ಆ ಪುಡಿ ಬಳಸಿದ್ದ ನೂರಾರು ತಿನಿಸುಗಳನ್ನು ಅಂಗಡಿಗಳಿಂದ ವಾಪಸ್ ತರಿಸಬೇಕಾಯಿತು.

ಮೊದಲ ಸಲಕ್ಕೆ ಯಾವುದು ಮಾಡಲಿ?

ಕೊಶರಿ. ಈಜಿಪ್ಟಿನ ಬೀದಿ ಊಟ. ಅಕ್ಕಿ, ಮಸೂರ್, ಮ್ಯಾಕರೋನಿ, ಕಾಬೂಲ್ ಕಡಲೆ, ಮೇಲೆ ಟೊಮೇಟೊ ಸಾಸ್, ಕರಿದ ಈರುಳ್ಳಿ. ಕೇಳಿದವರು ಮೊದಲು ನಗುತ್ತಾರೆ: ಅನ್ನಕ್ಕೆ ಮ್ಯಾಕರೋನಿ ಯಾರಾದರೂ ಬೆರೆಸುತ್ತಾರಾ? ಬೆರೆಸುತ್ತಾರೆ, ಕೈರೋದಲ್ಲಿ ಇದನ್ನು ಮಾತ್ರ ಮಾರುವ ಅಂಗಡಿಗಳೇ ಇವೆ. ಹೆಸರು ನಮ್ಮ ಕಿಚಡಿಯಿಂದಲೇ ಬಂದಿದ್ದು ಎಂದು ಹಲವರು ನಂಬುತ್ತಾರೆ. ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲ, ಹಾಗಾಗಿ ನಮ್ಮ ಗುಂಪಿನಲ್ಲಿ ಎಲ್ಲರೂ ತಿನ್ನುತ್ತಾರೆ.

ನಾಲ್ಕು ಜನಕ್ಕೆ: ಮುಕ್ಕಾಲು ಲೋಟ ಸಿಪ್ಪೆ ಇರುವ ಇಡೀ ಮಸೂರ್, ಒಂದು ಲೋಟ ಸೋನಾ ಮಸೂರಿ, ಒಂದು ಲೋಟ ಸಣ್ಣ ಮ್ಯಾಕರೋನಿ, ನೆನೆಸಿ ಬೇಯಿಸಿದ ಕಾಬೂಲ್ ಕಡಲೆ ಒಂದು ಲೋಟ. ಮಸೂರನ್ನು ಕುಕ್ಕರ್‌ಗೆ ಹಾಕಬೇಡಿ, ಸಾರಾಗಿಬಿಡುತ್ತದೆ. ತೆರೆದ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ ಬಸಿಯಿರಿ. ಬಸಿದ ಕಂದು ನೀರು ಚೆಲ್ಲಬೇಡಿ, ಅನ್ನ ಅದರಲ್ಲೇ ಬೇಯಲಿ.

ನಾಲ್ಕು ದೊಡ್ಡ ಈರುಳ್ಳಿ ತೆಳ್ಳಗೆ ಹೆಚ್ಚಿ, ಸ್ವಲ್ಪ ಉಪ್ಪು, ಒಂದು ಚಮಚ ಮೈದಾ ಉದುರಿಸಿ ಕರಿಯಿರಿ. ಜೇನಿನ ಬಣ್ಣಕ್ಕೆ ಬಂದಾಗಲೇ ತೆಗೆಯಿರಿ, ಆಚೆ ಬಂದ ಮೇಲೂ ಕೆಂಪಾಗುತ್ತದೆ. ಅದೇ ಎಣ್ಣೆ ಮೂರು ಚಮಚ ಬಾಣಲೆಗೆ ಹಾಕಿ ಒಂದು ಚಮಚ ಜೀರಿಗೆ ಪುಡಿ, ಬೆಳ್ಳುಳ್ಳಿ, ಮೆಣಸಿನ ಪುಡಿ ಬಾಡಿಸಿ, ಐದು ಟೊಮೇಟೊ ರುಬ್ಬಿ ಸುರಿದು ಎಣ್ಣೆ ಬಿಡುವ ತನಕ ಕುದಿಸಿ. ಕೊನೆಗೆ ಒಂದು ಚಮಚ ವಿನೆಗರ್. ನಾಟಿ ಟೊಮೇಟೊ ಆದರೆ ವಿನೆಗರ್ ಅರ್ಧ ಮಾಡಿ, ಅದಕ್ಕೇ ಬೇಕಾದಷ್ಟು ಹುಳಿ ಇದೆ.

ಇನ್ನು ಕೊಶರಿಯ ಜೀವ: ದಾಆ. ಐದು ಎಸಳು ಬೆಳ್ಳುಳ್ಳಿ ಉಪ್ಪಿನ ಜೊತೆ ಜಜ್ಜಿ, ಹುರಿದು ಕುಟ್ಟಿದ ಜೀರಿಗೆ ಒಂದು ಚಮಚ, ಕೊತ್ತಂಬರಿ ಪುಡಿ ಅರ್ಧ ಚಮಚ, ಮೂರು ದೊಡ್ಡ ಚಮಚ ವಿನೆಗರ್, ಅರ್ಧ ಲೋಟ ಬಿಸಿನೀರು, ಅರ್ಧ ನಿಂಬೆಹಣ್ಣು. ಕುದಿಸುವುದಿಲ್ಲ. ಹತ್ತು ನಿಮಿಷ ಸುಮ್ನೆ ಬಿಡಿ. ತಟ್ಟೆಯಲ್ಲಿ ಅನ್ನ, ಮಸೂರ್, ಮ್ಯಾಕರೋನಿ, ಸಾಸ್, ಕಡಲೆ, ಈರುಳ್ಳಿ ಪದರಪದರವಾಗಿ ಹಾಕಿ ಮೇಲೆ ಇದನ್ನು ಎರಡು ಚಮಚ ಚಿಮುಕಿಸಿ. ಸಾಸಿನಲ್ಲಿ ಬೆಂದ ಜೀರಿಗೆ ಕೆಳಗೆ ಗುನುಗುತ್ತಿದ್ದರೆ, ಈ ಹಸಿ ನೀರಿನ ಜೀರಿಗೆ ಮೂಗಿಗೇ ಹೊಡೆಯುತ್ತದೆ. ಒಂದೇ ತಟ್ಟೆಯಲ್ಲಿ ಎರಡು ಹೊತ್ತಿನ ಜೀರಿಗೆ. ಅದಕ್ಕೇ ಇದನ್ನು ಮೊದಲ ಪಾಠ ಮಾಡಿದ್ದೇನೆ.

ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಆಗುತ್ತಾ?

ಕೊಶರಿ ಆಗಲ್ಲ, ಹಟ ಮಾಡಬೇಡಿ. ಮೊರಾಕೊದ ಬಿಸ್ಸಾರಾ ಆಗುತ್ತದೆ. ಅಲ್ಲಿ ಒಣ ಫಾವಾ ಅವರೆಯನ್ನು ಬೆಳ್ಳುಳ್ಳಿ ಹಾಕಿ ಗಂಜಿಯಂತೆ ಬೇಯಿಸಿ ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ ಹಾಕುತ್ತಾರೆ. ನಾನು ಒಣ ಅವರೆಬೇಳೆಯಲ್ಲಿ ಮಾಡುತ್ತೇನೆ, ಬೆಳ್ಳುಳ್ಳಿ ಬದಲು ಚಿಟಿಕೆ ಇಂಗು. ಮೊರಾಕೊದವರು ಕಂಡರೆ ಹುಬ್ಬೇರಿಸಬಹುದು. ಬೆಂಗಳೂರಿನವರು ಅವರೆ ಅಂದರೆ ಏನನ್ನೂ ಕ್ಷಮಿಸುತ್ತಾರೆ.

ಮೆಕ್ಸಿಕನ್ ಅಡುಗೆಗೆ ಜೀರಿಗೆ ಜಾಸ್ತಿ ಬೇಕು ಅಂತಾರಲ್ಲ?

ಅದು ನಿಜವಾಗಿ ಟೆಕ್ಸಾಸ್ ರುಚಿ. ಮೆಕ್ಸಿಕೊದ ಮನೆ ಅಡುಗೆಯಲ್ಲಿ ಜೀರಿಗೆ ಹಿತಮಿತ, ಎಷ್ಟೋ ಅಡುಗೆಗೆ ಹಾಕುವುದೇ ಇಲ್ಲ. ಗಡಿಯಾಚೆ, ಅಮೆರಿಕದ ಕಡೆ ಬೆಳೆದ ಟೆಕ್ಸ್‌ಮೆಕ್ಸ್‌ನಲ್ಲಿ ಮಾತ್ರ ಧಾರಾಳ. ಇಲ್ಲಿ ಮಾಲ್‌ಗಳಲ್ಲಿ ಮೆಕ್ಸಿಕನ್ ಅಂತ ಮಾರುವುದೂ ಬಹುಪಾಲು ಅದೇ.

ಜೀರಿಗೆ ಅಮೆರಿಕ ಖಂಡದ ಗಿಡ ಅಲ್ಲ, ಸ್ಪ್ಯಾನಿಷರ ಜೊತೆ ಹಡಗು ಹತ್ತಿ ಹೋದದ್ದು. 1731ರಲ್ಲಿ ಕ್ಯಾನರಿ ದ್ವೀಪಗಳಿಂದ ಕೆಲವು ಕುಟುಂಬಗಳು ಬಂದು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ನೆಲೆಸಿದವು. ಜೀರಿಗೆಯ ಚಟ ಅವರಿಂದಲೇ ಹತ್ತಿತು ಎಂಬ ಮಾತು ಅಲ್ಲಿ ಚಾಲ್ತಿಯಲ್ಲಿದೆ. ಕ್ಯಾನರಿ ದ್ವೀಪಗಳ ಮೋಹೊ ಎಂಬ ಚಟ್ನಿ ರುಚಿ ನೋಡಿದವರಿಗೆ ಆ ಮಾತು ನಂಬಬೇಕು ಅನ್ನಿಸುತ್ತದೆ: ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ವಿನೆಗರ್, ಎಣ್ಣೆ. ಉಪ್ಪುನೀರಲ್ಲಿ ಸಿಪ್ಪೆ ಸುಕ್ಕಾಗುವ ತನಕ ಬೇಯಿಸಿದ ಆಲೂಗಡ್ಡೆಗೆ ನೆಂಚಿಕೊಳ್ಳುತ್ತಾರೆ. ನಮ್ಮ ಕೆಂಪು ಚಟ್ನಿಯ ಅಕ್ಕನಂತಿದೆ.

ಸ್ಯಾನ್ ಆಂಟೋನಿಯೊದ ಬಯಲಿನಲ್ಲಿ ಹೆಂಗಸರು ಸಂಜೆಯಾದರೆ ಒಲೆ ಹೂಡಿ ಮಾರುತ್ತಿದ್ದ ಚಿಲಿ ಕಾನ್ ಕಾರ್ನೆ 1977ರಲ್ಲಿ ಟೆಕ್ಸಾಸ್‌ನ ರಾಜ್ಯ ತಿನಿಸಾಯಿತು. ಅದು ಮಾಂಸದ್ದು, ಕಾಳು ಹಾಕಿದರೆ ಅಲ್ಲಿನವರಿಗೆ ಕೋಪ. ನಾವು ರಾಜ್ಮಾದಲ್ಲಿ ಮಾಡಿಕೊಳ್ಳುತ್ತೇವೆ. ಅವರ ಆಂಚೊ ಮೆಣಸಿನಕಾಯಿ ಬದಲು ಬ್ಯಾಡಗಿ: ಬಣ್ಣ ಜಾಸ್ತಿ, ಖಾರ ಕಮ್ಮಿ. ಒಂದು ಲೋಟ ರಾಜ್ಮಾಗೆ ಆರು ಬ್ಯಾಡಗಿ ನೆನೆಸಿ ರುಬ್ಬಿ, ಜೀರಿಗೆ ಪುಡಿ ಎರಡು ಕಂತಿನಲ್ಲಿ ಹಾಕಿ. ಈರುಳ್ಳಿ ಬಾಡಿಸುವಾಗ ಒಂದೂವರೆ ಚಮಚ, ಇಳಿಸುವ ಐದು ನಿಮಿಷ ಮುಂಚೆ ಅರ್ಧ ಚಮಚ. ಗರಂ ಮಸಾಲಾ ಹಾಕಿದಿರೋ, ಅದು ರಾಜ್ಮಾ ಮಸಾಲಾ ಆಯಿತು.

ಚೀನೀ ಅಡುಗೆಯಲ್ಲೂ ಜೀರಿಗೆ ಇದೆಯಾ?

ಇದೆ, ಮುಖ್ಯವಾಗಿ ವಾಯವ್ಯದ ಶಿಂಜಿಯಾಂಗ್‌ನಲ್ಲಿ. ಅಲ್ಲಿನ ಉಯ್ಗುರ್ ಜನ ಕುರಿಮಾಂಸವನ್ನು ಸಲಾಕೆಗೆ ಚುಚ್ಚಿ ಕೆಂಡದ ಮೇಲೆ ಸುಡುತ್ತಾರೆ. ಮೇಲೆ ಉಪ್ಪು, ಮೆಣಸಿನ ಪುಡಿ, ತರಿತರಿ ಜೀರಿಗೆ. ಈಗ ಬೀಜಿಂಗ್ ಬೀದಿಗಳಲ್ಲೂ ಸಿಗುತ್ತದೆ. ಚೀನೀ ಭಾಷೆಯಲ್ಲಿ ಜೀರಿಗೆಗೆ ಜ಼ೀರಾನ್ ಎನ್ನುತ್ತಾರೆ, ಉಯ್ಗುರ್ ಮಾತಿನಿಂದ ಹೋದದ್ದು. ಪರ್ಷಿಯನ್ನಿನ ಜ಼ೀರೆ, ಹಿಂದಿಯ ಜೀರಾ, ನಮ್ಮ ಜೀರಿಗೆ ಎಲ್ಲ ಒಂದೇ ಬಳಗ.

ಅಣಬೆಯಲ್ಲಿ ಮಾಡಿ ನೋಡಿ. 400 ಗ್ರಾಂ ಅಣಬೆ ಎರಡು ಹೋಳು ಮಾಡಿ, ಎಣ್ಣೆಯಿಲ್ಲದೆ ದೊಡ್ಡ ಉರಿಯಲ್ಲಿ ನೀರು ಬಿಟ್ಟು ಆರುವ ತನಕ ಬಾಡಿಸಿ. ಆಮೇಲೆ ಎರಡು ಚಮಚ ಎಣ್ಣೆ, ಬೆಳ್ಳುಳ್ಳಿ, ಸ್ವಲ್ಪ ಸೋಯಾ ಸಾಸ್. ಕೊನೆಯ ಒಂದು ನಿಮಿಷಕ್ಕೆ ಒಂದು ದೊಡ್ಡ ಚಮಚ ತರಿಯಾಗಿ ಕುಟ್ಟಿದ ಜೀರಿಗೆ, ಒಣಮೆಣಸಿನ ತರಿ. ಹೌದು, ಒಂದು ದೊಡ್ಡ ಚಮಚ. ಹೆದರಬೇಡಿ.

ಇರಾನ್, ಉಜ್ಬೇಕಿಸ್ತಾನದ ಕಡೆ ಹೇಗೆ?

ಇರಾನಿನ ಕೆರ್ಮಾನ್ ಜೀರಿಗೆಗೆ ಹೆಸರುವಾಸಿ. 'ಕೆರ್ಮಾನ್‌ಗೆ ಜೀರಿಗೆ ಹೊತ್ತ ಹಾಗೆ' ಅಂತ ಅವರಲ್ಲಿ ಗಾದೆಯೇ ಇದೆ. ಬ್ಯಾಡಗಿಗೆ ಮೆಣಸಿನಕಾಯಿ ಮೂಟೆ ಹೊತ್ತುಕೊಂಡು ಹೋದಂತೆ ಅನ್ನಬಹುದು. ಉಜ್ಬೇಕಿಸ್ತಾನದ ಪಲೋವ್ ಅಡುಗೆ ಪರಂಪರೆ 2016ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅದರಲ್ಲಿ ನಮ್ಮ ಪಲಾವ್‌ನಂತೆ ಚಕ್ಕೆ, ಲವಂಗದ ಗದ್ದಲವಿಲ್ಲ. ಈರುಳ್ಳಿ, ಉದ್ದುದ್ದ ಹೆಚ್ಚಿದ ಕ್ಯಾರೆಟ್, ಮಾಂಸ, ಇಡೀ ಬೆಳ್ಳುಳ್ಳಿ ಗೆಡ್ಡೆ, ಅಂಗೈಯಲ್ಲಿ ತಿಕ್ಕಿ ಹಾಕಿದ ಜೀರಿಗೆ. ಮಾಂಸ ಬಿಟ್ಟು ಕಾಬೂಲ್ ಕಡಲೆಯಲ್ಲಿ ಮಾಡಿದರೂ ಚೆನ್ನಾಗಿರುತ್ತದೆ, ಕ್ಯಾರೆಟ್ ಅಕ್ಕಿಯಷ್ಟೇ ತೂಕ ಇರಲಿ.

ಜೀರಿಗೆ ನಮ್ಮದೇ ಅಲ್ವಾ? ಮದುವೆಯಲ್ಲೂ ಜೀರಿಗೆ ಬೆಲ್ಲ ಇದೆಯಲ್ಲ.

ಇದೆ. ಮುಹೂರ್ತಕ್ಕೆ ಗಂಡು ಹೆಣ್ಣು ಒಬ್ಬರ ತಲೆ ಮೇಲೊಬ್ಬರು ಜೀರಿಗೆ ಬೆಲ್ಲ ಇಡದೆ ಎಷ್ಟೋ ಮನೆಗಳಲ್ಲಿ ಮದುವೆ ಆಗುವುದೇ ಇಲ್ಲ. ಆದರೂ ಗಿಡದ ತವರು ಪಶ್ಚಿಮ ಏಷ್ಯಾ, ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದ ಕಡೆ. ಬೈಬಲ್‌ನಲ್ಲಿ ಜೀರಿಗೆಯನ್ನು ಕೋಲಿನಿಂದ ಬಡಿದು ಬೇರ್ಪಡಿಸುವ ಮಾತಿದೆ. ಗ್ರೀಕರು ಜುಗ್ಗನನ್ನು 'ಜೀರಿಗೆ ಸೀಳುವವನು' ಎನ್ನುತ್ತಿದ್ದರು. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಅಂತೀವಲ್ಲ, ಹಾಗೆ. ರೋಮಿನ ಚಕ್ರವರ್ತಿ ಆಂಟೊನೈನಸ್ ಪಯಸ್‌ಗೂ ಈ ಅಡ್ಡಹೆಸರು ಅಂಟಿತ್ತು, ಲೆಕ್ಕಾಚಾರದ ಮನುಷ್ಯ.

ಸಂಸ್ಕೃತದ ಜೀರಕ ಎಂಬ ಮಾತಿಗೆ ಅರಗಿಸುವುದು ಎಂಬ ಅರ್ಥದ ನಂಟಿದೆ. ಊಟ ಭಾರವಾದ ರಾತ್ರಿ ಜೀರಿಗೆ ಕಷಾಯ ನೆನಪಾಗುವುದು ಸುಮ್ನೆ ಅಲ್ಲ.

ಜೀರಿಗೆ ನೀರು ಕುಡಿದರೆ ತೂಕ ಇಳಿಯುತ್ತಾ?

ನೀರು ಕುಡಿದಷ್ಟಕ್ಕೇ ಇಳಿಯುವ ತೂಕವಾಗಿದ್ದರೆ ನಾನು ಇಷ್ಟು ಹೊತ್ತಿಗೆ ಕಡ್ಡಿಯಾಗಿರಬೇಕಿತ್ತು. ಜೀರಿಗೆಯಲ್ಲಿ ಕಬ್ಬಿಣ ಭರಪೂರ ಅನ್ನುವ ಮಾತೂ ಹಾಗೇ: 100 ಗ್ರಾಂನಲ್ಲಿ ಸುಮಾರು 66 ಮಿಲಿಗ್ರಾಂ ಇದೆ ನಿಜ. ನಾವು ತಿನ್ನುವುದು ಒಂದೆರಡು ಗ್ರಾಂ.

ಬೆಂಗಳೂರಲ್ಲಿ ಒಳ್ಳೆಯ ಜೀರಿಗೆ ಎಲ್ಲಿ ಸಿಗುತ್ತದೆ? ಕಲಬೆರಕೆ ಹೇಗೆ ತಿಳಿಯುವುದು?

ಜಾಸ್ತಿ ಬೇಕಿದ್ದರೆ ತರಗುಪೇಟೆ, ಇಲ್ಲವೇ ಯಶವಂತಪುರ ಎಪಿಎಂಸಿ ಯಾರ್ಡ್. ಸ್ವಲ್ಪ ಸಾಕು ಅಂದರೆ ನಿಮ್ಮ ಬೀದಿಯ, ಸರಕು ಬೇಗ ಖರ್ಚಾಗುವ ಯಾವುದೇ ದಿನಸಿ ಅಂಗಡಿ. ಅಂಗಡಿ ದೊಡ್ಡದೋ ಚಿಕ್ಕದೋ ಮುಖ್ಯ ಅಲ್ಲ, ಮೂಟೆ ಎಷ್ಟು ದಿನದಿಂದ ಕೂತಿದೆ ಅನ್ನುವುದು ಮುಖ್ಯ. ಜೀರಿಗೆ ಚಳಿಗಾಲದ ಬೆಳೆ. ನವೆಂಬರ್ ಸುಮಾರಿಗೆ ಬಿತ್ತಿ ಫೆಬ್ರುವರಿ, ಮಾರ್ಚ್‌ಗೆ ಕೊಯ್ಯುತ್ತಾರೆ. ಹಾಗಾಗಿ ನಾನು ವರ್ಷದ ಜೀರಿಗೆ ಏಪ್ರಿಲ್, ಮೇನಲ್ಲಿ ತರುತ್ತೇನೆ. ಹೂ ಬಿಡುವಾಗ ಮೋಡ ಕವಿದರೆ ರೋಗ ಬಿದ್ದು ಬೆಳೆ ಹೋಗುತ್ತದೆ, ಬೆಲೆ ಏರುತ್ತದೆ. 2023ರಲ್ಲಿ ಗುಜರಾತಿನ ಉಂಝಾ ಮಾರುಕಟ್ಟೆಯಲ್ಲಿ ಕ್ವಿಂಟಲ್ ಬೆಲೆ 50,000 ರೂಪಾಯಿ ದಾಟಿದಾಗ ನಮ್ಮ ಬೀದಿಯ ಅಂಗಡಿಯವರು ಜೀರಿಗೆ ಡಬ್ಬವನ್ನು ಗಲ್ಲಾಪೆಟ್ಟಿಗೆ ಪಕ್ಕಕ್ಕೆ ಎತ್ತಿಟ್ಟಿದ್ದರು, ಬಾದಾಮಿ ಜೊತೆ.

ಬೆಲೆ ಏರಿದಾಗಲೇ ಕಲಬೆರಕೆಯೂ. ಹುಲ್ಲಿನ ಬೀಜಕ್ಕೆ ಇದ್ದಿಲ ಪುಡಿಯ ಬಣ್ಣ ಹಚ್ಚಿ ಬೆರೆಸುವುದುಂಟು. ಒಂದು ಹಿಡಿ ಅಂಗೈಯಲ್ಲಿ ತಿಕ್ಕಿ ನೋಡಿ. ಕೈ ಕಪ್ಪಾದರೆ ವಾಪಸ್ ಕೊಡಿ. ನನಗೂ ಒಮ್ಮೆ ಅಂಥದ್ದು ಸಿಕ್ಕಿತ್ತು. ಒಗ್ಗರಣೆಯಲ್ಲಿ ಕಾಳು ಚುರ್ ಅನ್ನಲೇ ಇಲ್ಲ, ವಾಸನೆಯೂ ಇಲ್ಲ. ಅಂದಿನಿಂದ ಅಂಗಡಿಯಲ್ಲೇ ಎರಡು ಕಾಳು ಬಾಯಿಗೆ ಹಾಕಿಕೊಳ್ಳುತ್ತೇನೆ.

ಎಷ್ಟು ದಿನ ಇಡಬಹುದು?

ಕಾಳು ಒಂದು ವರ್ಷ ನಿಶ್ಚಿಂತೆಯಿಂದ, ಹುರಿದ ಪುಡಿ ಎರಡು ವಾರ. ಒಲೆ ಪಕ್ಕದ ಶೆಲ್ಫ್ ಬೇಡ. ಒಗ್ಗರಣೆ ಡಬ್ಬಿಗೆ ವಾರಕ್ಕಾಗುವಷ್ಟು ಮಾತ್ರ ತುಂಬಿ.

ಜೀರಿಗೆ ಜಾಸ್ತಿಯಾಗಿ ಹೋಯಿತು, ಏನು ಮಾಡಲಿ?

ಹುಳಿ ಹಾಕಿ. ನಿಂಬೆ, ಮೊಸರು, ಟೊಮೇಟೊ ಯಾವುದಾದರೂ. ಸುಟ್ಟು ಕಹಿಯಾಗಿದ್ದರೆ ಮಾತ್ರ ಉಪಾಯವಿಲ್ಲ, ಎಣ್ಣೆ ಚೆಲ್ಲಿ ಮತ್ತೆ ಶುರು ಮಾಡಿ.

ಹುರಿದು ಕುಟ್ಟಿದ್ದು ಮಿಕ್ಕಿದೆ. ಏನಕ್ಕೆ ಬರುತ್ತದೆ?

ಎರಡು ಪಾಲು ಜೀರಿಗೆ ಪುಡಿಗೆ ಒಂದು ಪಾಲು ಉಪ್ಪು ಬೆರೆಸಿ ಸಣ್ಣ ಬಟ್ಟಲಲ್ಲಿಡಿ. ಮೊರಾಕೊದಲ್ಲಿ ಬೇಯಿಸಿದ ಮೊಟ್ಟೆಗೆ, ಸುಟ್ಟ ಕುರಿಮಾಂಸಕ್ಕೆ ಹೀಗೇ ಅದ್ದಿಕೊಂಡು ತಿನ್ನುತ್ತಾರೆ. ಹೋದ ಭಾನುವಾರ ಮೊಟ್ಟೆ ಖಾಲಿಯಾದ ಮೇಲೂ ಬಟ್ಟಲಲ್ಲಿ ಸ್ವಲ್ಪ ಉಳಿದಿತ್ತು. ಗುಂಪಿನ ಹುಡುಗನೊಬ್ಬ ಕೆಳಗೆ ಗಾಡಿಯವನ ಹತ್ತಿರ ಸೀಬೆಕಾಯಿ ತಂದ, ಖಾರದ ಪುಡಿ ಬೇಡ ಅಂದು. ನಾಲ್ಕು ಹೋಳು ಮಾಡಿ ಅದ್ದಿದೆವು. ಬಟ್ಟಲು ತೊಳೆಯುವ ಕೆಲಸ ಇರಲಿಲ್ಲ.